ನೂರರವರೆಗೆ ಎಣಿಸುವುದು

ಬಿಳಿ ರಕ್ತಕಣ ಬಿಳಿಯಲ್ಲ.
ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ, ನಂಬಿ.
ಗಾಜಿನ ಮೇಲೊಂದು ಹನಿ ಸವರಿ, ಒಣಗಿಸಿ,
ಬಣ್ಣ ಸುರಿದು, ನಲ್ಲಿ ಬಂದ ದಿನವಾದರೆ ನಲ್ಲಿಯಲ್ಲಿ,
ಇಲ್ಲವಾದರೆ ಟ್ಯಾಂಕರಿನ ನೀರಲ್ಲಿ ತೊಳೆದರೆ
ನೇರಳೆ ಹಣ್ಣು ತಿಂದ ಬಾಯಿಯ ಹಾಗೆ ಕಾಣುತ್ತವೆ.

ಒಂದೊಂದು ಜಾತಿಗೆ ಒಂದೊಂದು ಗುಂಡಿ.
ದುಂಡಗಿದ್ದರೆ ಲಿಂಫೋಸೈಟು, ಟಕ್.
ಅವರೆಕಾಳಿನಂತೆ ಬಗ್ಗಿದ್ದರೆ ಮಾನೋಸೈಟು, ಟಕ್.
ಮೈತುಂಬ ಕನಕಾಂಬರದ ಚೂರು ಎರಚಿಕೊಂಡದ್ದು
ಇಯೋಸಿನೋಫಿಲ್ಲು. ಸೀನುವ ಊರು ಇದು, ಅವಕ್ಕೆ ಬರವಿಲ್ಲ.
ಇನ್ನು ನ್ಯೂಟ್ರೋಫಿಲ್ಲು:
ಮೂರೋ ನಾಲ್ಕೋ ಮೊಗ್ಗು,
ನಡುವೆ ಕಂಡೂ ಕಾಣದ ನಾರು.
ನೂರಕ್ಕೆ ಅರವತ್ತು ಇವೇ ಇರಬೇಕು.
ನೂರಾದರೆ ಗಂಟೆ ಹೊಡೆಯುತ್ತದೆ. ಮುಂದಿನ ಗಾಜು.

ಆವತ್ತು ಗಂಟೆ ಹೊಡೆಯಲೇ ಇಲ್ಲ.
ನಾಲ್ಕು ಸಾವಿರವಾದರೂ ಇರಬೇಕಾದಲ್ಲಿ
ಯಂತ್ರ ಎಂಟುನೂರು ಎಂದಿತ್ತು.
ಅದಕ್ಕೂ ತಲೆ ಕೆಡುವುದುಂಟು ಎಂದು ಕಣ್ಣಿಟ್ಟು ಕೂತೆ.
ಕೆಂಪು ಕಣ ಬೇಕಾದಷ್ಟು. ಉಳಿದಂತೆ
ಬಂದ್ ದಿನದ ಹೊಸೂರು ರಸ್ತೆ.
ಅಲ್ಲೊಂದು ಲಿಂಫೋಸೈಟು, ಇಲ್ಲೊಂದು,
ಬಸ್ಸಿಲ್ಲವೆಂದು ಗೊತ್ತಿಲ್ಲದೆ ನಿಂತವರ ಹಾಗೆ.
ಮೂರು ಗಾಜು ಹುಡುಕಿ ನೂರು ಮಾಡಿದೆ.
ನ್ಯೂಟ್ರೋಫಿಲ್ಲು: ಎರಡು.
ಆಮೇಲೆ ಹೆಸರು ಓದಿದೆ.

ಅಕ್ಕಯ್ಯಮ್ಮ, ಐವತ್ತೆಂಟು, ಹೆಣ್ಣು.
ಅಂದರೆ ನಮ್ಮ ಲ್ಯಾಬಿನ ಮೆಟ್ಟಿಲ ಕೆಳಗೆ
ಒದ್ದೆ ಗೋಣಿಯ ಮೇಲೆ ಕಾಕಡ ಕಟ್ಟುವವಳು,
ಫಿಲೋಮಿನಾ ಎಂಬ ನನ್ನನ್ನು ಪಿಲ್ಲಮ್ಮ ಮಾಡಿದವಳು,
ಮೊಳ ಹಾಕುವಾಗ ಮೊಣಕೈಯನ್ನು ಒಂದಿಷ್ಟು
ಒಳಗೆ ಎಳೆದುಕೊಳ್ಳುವವಳು.
"ಗಂಟ್ಲು ನೋವು ಕಣಮ್ಮ, ಎಂಜಲು ನುಂಗಕ್ಕಾಗಲ್ಲ,
ಮಾರ್ಕೆಟ್ನಾಗೆ ಬೆಳಗಿನ ಜಾವದ ಥಂಡಿ," ಎಂದಿದ್ದಳು ಸೋಮವಾರ.
ನಾನೂ ಉಪ್ಪುನೀರು ಮುಕ್ಕಳಿಸು ಅಂದಿದ್ದೆ.
ಇಷ್ಟು ವರ್ಷ ಎಣಿಸಿದವಳು ನಾನು, ಉಪ್ಪುನೀರು ಅಂದಿದ್ದೆ.

ಥಂಡಿಯಲ್ಲ, ಮಾತ್ರೆ.
ಥೈರಾಯ್ಡು ಏರಿ ಕೈ ನಡುಗಿ ಎದೆ ಹೊಡೆದುಕೊಂಡು
ಗಂಟು ಬಿಗಿಯಲಾಗದೆ ಕೂತಿದ್ದವಳಿಗೆ
ಎರಡು ತಿಂಗಳ ಹಿಂದೆ ಕೊಟ್ಟದ್ದು.
ಕೈ ನಿಂತಿತ್ತು. ಜೊತೆಗೆ ಮೂಳೆಯೊಳಗೆ
ಯಾರೋ ಹೂ ಬಿಡುವುದನ್ನೂ ನಿಲ್ಲಿಸಿದ್ದರು.
ಸಾವಿರಕ್ಕೆ ಒಬ್ಬರಿಗೋ ಇಬ್ಬರಿಗೋ ಹೀಗಾಗುತ್ತದಂತೆ.
ಸಾವಿರದಲ್ಲಿ ಒಂದು ಎಂಬುದು
ಗೋಣಿಯ ಮೇಲೆ ಕೂತಿರುತ್ತದೆ, ನಾವು ದಾಟಿ ಹೋಗುತ್ತಿರುತ್ತೇವೆ.

ಮಾತ್ರೆ ನಿಲ್ಲಿಸಿದರು. ಜ್ವರಕ್ಕೆ ನರದೊಳಗೆ ಔಷಧಿ,
ಹೊಟ್ಟೆಗೆ ದಿನಕ್ಕೊಂದು ಸೂಜಿ. ಬಾಗಿಲಿಗೆ ಚೀಟಿ:
ಹಸಿ ತರಕಾರಿ, ಮಣ್ಣು, ಹೂವು ತರಕೂಡದು.
ಮಾಸ್ಕಿನ ಹಿಂದಿನಿಂದ ಅಕ್ಕಯ್ಯಮ್ಮ ಅಂದಳು:
"ಹೆಣಕ್ಕೂ ಹೂವಿರ್ತದೆ ಪಿಲ್ಲಮ್ಮ, ನಂಗಿಲ್ಲ ನೋಡು."
ನಗಬೇಕೋ ಬೇಡವೋ ತಿಳಿಯದೆ
ಜಡೆ ಮುಟ್ಟಿಕೊಂಡೆ. ಬೆಳಗ್ಗೆಯೇ ಕಿತ್ತಿಟ್ಟು ಬಂದಿದ್ದೆ.

ಮೂರನೇ ದಿನ ಸೊನ್ನೆ.
ಐದನೇ ದಿನ ಸೊನ್ನೆ.
ಹುಡುಗರು ನಾವು ಮಾಡುತ್ತೇವೆ ಮೇಡಂ ಅಂದರೂ
ಆ ಗಾಜನ್ನು ಯಾರಿಗೂ ಬಿಡಲಿಲ್ಲ.
ಎಂಟನೇ ದಿನ, ಅಂಚಿನಲ್ಲಿ, ಒಂದು ಎಳೆಯದು,
ಇನ್ನೂ ಮೊಗ್ಗಾಗಿ ಕವಲೊಡೆಯದ ಬಾಗಿದ ಕಡ್ಡಿ.
ಟಕ್.
ಗುಂಡಿ ಒತ್ತಿದ ಬೆರಳು ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಈಗ ಬಂದಿದ್ದಾಳೆ. ಮೈಯಲ್ಲಿ ಅರ್ಧ ಇಲ್ಲ.
ಮುಂದಿನ ತಿಂಗಳು ಕತ್ತಿನ ಆಪರೇಷನ್ನು,
ಆ ಮಾತ್ರೆ ಇನ್ನು ಜನ್ಮಕ್ಕೂ ಬೇಡ,
ಆದ್ದರಿಂದ ಕೈ ಮತ್ತೆ ಸಣ್ಣಗೆ ನಡುಗುತ್ತದೆ.
ಏನ್ ಎಣಿಸ್ತೀಯ ತೋರ್ಸು ಅಂದಳು. ಸ್ಟೂಲು ಎಳೆದುಕೊಟ್ಟೆ.
ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಮಸೂರಕ್ಕೆ ಒತ್ತಿ
ತುಂಬ ಹೊತ್ತು ನೋಡಿದಳು, ಮಾರ್ಕೆಟಿನಲ್ಲಿ
ಮಾಲು ನೋಡುವ ಹಾಗೆ.

"ಕಟ್ಟಿರೋದು ಯಾರು?
ಗಂಟು ಸಡ್ಲ. ನನ್ನಂಗೇ ಕೈ ನಡುಗ್ತದೇನೋ."